ಲಂಟಾನದ ಪೀಠೋಪಕರಣಗಳು: ಕಾಡುಕಟ್ಟಿಗೆಯನ್ನು ಹದಗೊಳಿಸುವ ಬಗೆ

12ನೆಯ ಶತಮಾನದ ಶರಣರಾದ ಮೇದರ ಕೇತಯ್ಯನವರು ಕಾಡಿನ ಬಿದಿರನ್ನು ತಂದು, ಬುಟ್ಟಿ ಮೊರಗಳನ್ನು ಹೆಣೆಯುವ ಕಾಯಕದಿಂದ ದಾಸೋಹ ನಡೆಸಿದರೆಂಬುದು ಸರ್ವವಿದಿತವಾಗಿದೆ. ಕಾಡಿನಲ್ಲಿ ತಾನಾಗಿ ಬೆಳೆದುದನ್ನು ಕೈಕೌಶಲದಿಂದ ಬಾಳಿಕೆಯ ವಸ್ತುವನ್ನಾಗಿಸುವ ಆ ಪರಂಪರೆಗೆ ನಮ್ಮ ಕಾಲದಲ್ಲಿಯೂ ಒಂದು ನಿದರ್ಶನವುಂಟು. ಅದು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಾಂಡಗಳಿಂದ ಕುರ್ಚಿ ಮೇಜುಗಳನ್ನು ಮಾಡಲು ಕಲಿತುದು.

ಲಂಟಾನವು ಅಮೆರಿಕದ ಉಷ್ಣಪ್ರದೇಶಗಳ ಗಿಡ. ಹೂವಿನ ಚೆಲುವಿಗಾಗಿ 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಇದು, ಹಣ್ಣು ತಿನ್ನುವ ಹಕ್ಕಿಗಳ ಮೂಲಕ ದೇಶದ ಕಾಡುಗಳಿಗೆಲ್ಲ ಹರಡಿತು. ಇದರ ಎಲೆ ದನಕರುಗಳಿಗೆ ವಿಷ. ಇದರ ಪೊದೆ ದಟ್ಟವಾದೆಡೆ ಹುಲ್ಲು ಬೆಳೆಯದು, ನಾಡಮರಗಳ ಸಸಿ ಏಳದು. ಬಿದಿರನ್ನೂ ಕಾಡಿನ ಇತರ ಉತ್ಪನ್ನಗಳನ್ನೂ ನಂಬಿ ಬದುಕಿದವರಿಗೆ ಇದರಿಂದಾದ ನಷ್ಟ ಅಲ್ಪವಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಏಟ್ರೀ ಸಂಶೋಧನ ಸಂಸ್ಥೆಯು ಬೆಟ್ಟದ ಕುಶಲಿಗಳಿಗೆ ಲಂಟಾನದ ಕೆಲಸದಲ್ಲಿ ತರಬೇತಿ ನೀಡಿತು.

ಕಾಡುಕಟ್ಟಿಗೆಯ ಕೆಲಸದಲ್ಲಿ ಮೊದಲನೆಯದು ಆಯ್ಕೆ. ಎಳೆಯ ಕಾಂಡ ಒಣಗಿದಾಗ ಸುಕ್ಕುಗಟ್ಟುತ್ತದೆ. ಸತ್ತು ಒಣಗಿದ ಕಾಂಡ ಬಾಗಿಸಿದರೆ ಮುರಿಯುತ್ತದೆ. ಆದುದರಿಂದ ಬಲಿತಿದ್ದೂ ಹಸಿಯಾಗಿರುವ, ಉದ್ದವಾದ ಕಾಂಡಗಳನ್ನೇ ಆರಿಸಬೇಕು. ದಪ್ಪನೆಯವು ಚೌಕಟ್ಟಿಗೆ, ಸಣ್ಣವು ಹೆಣಿಗೆಗೆ.

ಎರಡನೆಯದು ಹದಗೊಳಿಸುವಿಕೆ. ಹಸಿಮರದಲ್ಲಿರುವ ನೀರು, ಮರದ ಒಣತೂಕದ ಸುಮಾರು ಶೇಕಡಾ 30ಕ್ಕೆ ಇಳಿಯುವವರೆಗೆ ಮರ ಕುಗ್ಗುವುದಿಲ್ಲ. ಅಲ್ಲಿಂದ ಮುಂದೆ ಒಣಗಿದಂತೆಲ್ಲ ಕುಗ್ಗುತ್ತದೆ. ಈ ಕುಗ್ಗುವಿಕೆ ಎಲ್ಲ ದಿಕ್ಕಿನಲ್ಲಿಯೂ ಸಮನಲ್ಲ. ಉದ್ದದಲ್ಲಿ ಅತ್ಯಲ್ಪ, ಆದರೆ ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸುತ್ತಳತೆಯಲ್ಲಿ ಸುಮಾರು ಇಮ್ಮಡಿ. ದುಂಡು ಕಟ್ಟಿಗೆ ಸೀಳುವುದಕ್ಕೆ ಇದೇ ಕಾರಣ. ಬಿಸಿಲಿನಲ್ಲಿಟ್ಟರೆ ಹೊರಮೈ ಒಳಗಿಗಿಂತ ಬೇಗ ಒಣಗಿ ಸೀಳು ಹೆಚ್ಚುತ್ತದೆ. ಆದಕಾರಣ ನೆರಳಿನಲ್ಲಿ, ನೆಲ ತಾಗದಂತೆ, ನಡುವೆ ಗಾಳಿಯಾಡುವಂತೆ ಒಟ್ಟಬೇಕು. ತುದಿಗಳಿಂದ ನೀರು ಬಲುಬೇಗ ಹೊರಡುವುದರಿಂದ ದಪ್ಪ ಕಟ್ಟಿಗೆಯ ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿಯುವುದು ಲೇಸು.

ಲಂಟಾನಕ್ಕೆ ಇನ್ನೊಂದು ಸಂಸ್ಕಾರವುಂಟು. ಕಾಂಡಗಳನ್ನು ದೊಡ್ಡ ಪೀಪಾಯಿಯ ನೀರಿನಲ್ಲಿ ಕುದಿಸುತ್ತಾರೆ. ಇದರಿಂದ ತೊಗಟೆ ಸುಲಭವಾಗಿ ಸುಲಿದು ಬರುತ್ತದೆ. ಒಳಗಿರುವ ಹುಳುಗಳೂ ಮೊಟ್ಟೆಗಳೂ ನಾಶವಾಗುತ್ತವೆ. ನಾರುಗಳನ್ನು ಬಂಧಿಸಿರುವ ಲಿಗ್ನಿನ್ ಎಂಬ ಪದಾರ್ಥವು ಬಿಸಿಗೂ ತೇವಕ್ಕೂ ಮೆದುವಾಗಿ, ತಣಿದಾಗ ಮತ್ತೆ ಬಿಗಿಯುವುದು. ಆದುದರಿಂದ ಬಿಸಿಯಿರುವಾಗಲೇ ಕಾಂಡವನ್ನು ಬೇಕಾದ ಆಕಾರಕ್ಕೆ ಬಾಗಿಸಿ, ಕಟ್ಟಿ, ಒಣಗಲು ಬಿಡಬೇಕು. ಬಳಿಕ ಮೊಳೆ ಹೊಡೆದು ಜೋಡಿಸಿ, ಉಜ್ಜಿ, ವಾರ್ನಿಷ್ ಬಳಿದರೆ ಬೆತ್ತದ ಪೀಠೋಪಕರಣಗಳನ್ನು ಹೋಲುವ ವಸ್ತು ಸಿದ್ಧವಾಗುತ್ತದೆ.

ಇಲ್ಲಿ ಒಂದು ಮಾತನ್ನು ಮರೆಮಾಚಲಾಗದು. ಕುರ್ಚಿ ಮಾಡುವುದರಿಂದಲೇ ಕಾಡು ಲಂಟಾನದಿಂದ ಮುಕ್ತವಾಗುವುದಿಲ್ಲ. ಕುಶಲಿಗೆ ಬೇಕಾದುದು ಒಳ್ಳೆಯ ಕಾಂಡ ಮಾತ್ರ. ಕತ್ತರಿಸಿದ ಬುಡವೋ ಮತ್ತೆ ಚಿಗುರುತ್ತದೆ. ಗಿಡ ಸಾಯಬೇಕಾದರೆ ಚಿಗುರೊಡೆಯುವ ಭಾಗದ ಕೆಳಗೆ, ಮಣ್ಣಿನೊಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ತಲೆಕೆಳಗು ಮಾಡಿಡಬೇಕು. ಅನಂತರವೂ ಏಳುವ ಸಸಿಗಳನ್ನು ವರ್ಷವರ್ಷವೂ ಕೀಳುತ್ತಿರಬೇಕು. ಸಂರಕ್ಷಿತ ಅರಣ್ಯದಲ್ಲಿ ಇದಕ್ಕೆ ಅರಣ್ಯ ಇಲಾಖೆಯ ಅನುಮತಿಯೂ ಅವಶ್ಯ.

ಆದರೂ ಈ ಕಸುಬಿನ ಮಹತ್ವ ಕುಂದದು. ಕಳೆಯೆಂದು ತಳ್ಳಿದ ಗಿಡದಲ್ಲಿ ಬಡವನ ಅನ್ನವಿದೆಯೆಂಬುದನ್ನು ಅದು ತೋರಿಸಿಕೊಟ್ಟಿದೆ. ನಮ್ಮ ಊರುಗಳ ಬೇಲಿಗಳಲ್ಲಿಯೂ ಲಂಟಾನಕ್ಕೆ ಬರವಿಲ್ಲ. ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಅದನ್ನು ಬುಡಸಹಿತ ಕಿತ್ತು, ಒಂದು ಪೀಠವನ್ನಾದರೂ ಮಾಡಿದಲ್ಲಿ, ವಿಜ್ಞಾನವನ್ನೂ ಕಾಯಕವನ್ನೂ ಒಟ್ಟಿಗೆ ಕಲಿತಂತಾಗುವುದು. ದಾನಿಗಳು ಇಂತಹ ಕೆಲಸಕ್ಕೆ ಬೇಕಾದ ಉಪಕರಣಗಳನ್ನು ಒದಗಿಸಿದರೆ ಅದು ಸಾರ್ಥಕ ದಾಸೋಹವೇ ಸರಿ.