ಹಳೆಯ ಸೊಂಟನೋವಿಗೆ ಔಷಧರಹಿತ ಚಿಕಿತ್ಸೆ

ಮೂರು ತಿಂಗಳಿಗೂ ಹೆಚ್ಚು ಕಾಲ ಬಿಡದೆ ಕಾಡುವ ಅಥವಾ ಮರುಕಳಿಸುತ್ತಲೇ ಇರುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕ ನೋವು ಎಂದು ಗುರುತಿಸುತ್ತದೆ. ಅಂಥ ನೋವುಗಳಲ್ಲಿ ಬಹು ಸಾಮಾನ್ಯವಾದುದು ಸೊಂಟನೋವು. ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಇಂಥ ಸೊಂಟನೋವಿಗೆ ವ್ಯಾಯಾಮ, ಯೋಗ, ಅಕ್ಯುಪಂಕ್ಚರ್, ಧ್ಯಾನಾಧಾರಿತ ತರಬೇತಿ ಮೊದಲಾದ ಕ್ರಮಗಳನ್ನು ಮೊದಲು ಅನುಸರಿಸಿ, ಅವುಗಳಿಂದ ಗುಣ ಕಾಣದಿದ್ದಾಗಲಷ್ಟೇ ಮಾತ್ರೆಗಳತ್ತ ತಿರುಗಬೇಕೆಂದು ವೈದ್ಯರಿಗೆ ಸಲಹೆ ನೀಡಿತು. ವೈದ್ಯರ ಚೀಟಿಯಿಲ್ಲದೆ ನೋವಿನ ಮಾತ್ರೆಗಳನ್ನು ಕೊಂಡು ನುಂಗುವ ರೂಢಿ ಇರುವಲ್ಲಿ ಈ ಸಲಹೆಗೆ ಇನ್ನೂ ಹೆಚ್ಚಿನ ಮಹತ್ವವಿದೆ. ಏಕೆಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಔಷಧಗಳನ್ನು ದೀರ್ಘಕಾಲ ಸೇವಿಸಿದರೆ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗುವ, ಮೂತ್ರಪಿಂಡಗಳು ಕೆಡುವ ಮತ್ತು ಹೃದಯಾಘಾತದ ಸಂಭವ ಹೆಚ್ಚುವ ಅಪಾಯವಿದೆ.

ಔಷಧವಿಲ್ಲದೆ ನೋವು ತಗ್ಗುವುದಾದರೂ ಹೇಗೆ ಎಂಬ ಪ್ರಶ್ನೆಗೆ ಉತ್ತರ ನರಮಂಡಲದ ರಚನೆಯಲ್ಲಿದೆ. ಗಾಯಗೊಂಡ ಭಾಗದಿಂದ ಹೊರಡುವ ಸಂದೇಶವು ಇದ್ದಂತೆಯೇ ಮಿದುಳನ್ನು ತಲುಪುವುದಿಲ್ಲವೆಂದೂ, ಬೆನ್ನುಹುರಿಯಲ್ಲಿರುವ ಒಂದು ಬಗೆಯ ದ್ವಾರವು ಅದನ್ನು ಹೆಚ್ಚಿಸಲು ಇಲ್ಲವೇ ತಡೆಯಲು ಶಕ್ತವೆಂದೂ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಪ್ರತಿಪಾದಿಸಿದರು. ಪೆಟ್ಟಾದ ಜಾಗವನ್ನು ಉಜ್ಜಿದಾಗ ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾಗಿ ಈ ದ್ವಾರವನ್ನು ಕಿರಿದಾಗಿಸುತ್ತವೆ. ಮಿದುಳಿನಿಂದ ಕೆಳಗಿಳಿಯುವ ಸಂಕೇತಗಳೂ, ಅಂದರೆ ಭಯ, ಗಮನ, ನಿರೀಕ್ಷೆಗಳೂ, ಅದರ ಮೇಲೆ ಪ್ರಭಾವ ಬೀರುತ್ತವೆ. ಈ ಸಿದ್ಧಾಂತದ ವಿವರಗಳು ಮುಂದೆ ಸಾಕಷ್ಟು ತಿದ್ದುಪಡಿ ಕಂಡಿದ್ದರೂ, ನೋವು ಎಂಬುದು ಗಾಯದ ನೇರ ಅಳತೆಯಲ್ಲವೆಂಬ ಮೂಲ ವಿಚಾರ ಗಟ್ಟಿಯಾಗಿ ನಿಂತಿದೆ.

ಸೊಂಟನೋವಿನ ಮಟ್ಟಿಗೆ ಈ ವಿಚಾರಕ್ಕೆ ಸ್ಕ್ಯಾನ್ ಚಿತ್ರಗಳಿಂದಲೇ ಬಲವಾದ ಆಧಾರ ದೊರೆತಿದೆ. ಬೆನ್ನುನೋವೇ ಇಲ್ಲದವರ ಬೆನ್ನುಮೂಳೆಯ ಚಿತ್ರಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, 20 ವರ್ಷ ವಯಸ್ಸಿನವರಲ್ಲಿ ಶೇ. 37ರಷ್ಟು, 80 ವರ್ಷ ವಯಸ್ಸಿನವರಲ್ಲಿ ಶೇ. 96ರಷ್ಟು ಮಂದಿಗೆ ಡಿಸ್ಕ್ ಸವೆತ ಕಂಡುಬಂದಿತು. ಹೀಗಿರುವಾಗ ವರದಿಯಲ್ಲಿ ‘ಡಿಸ್ಕ್ ಸವೆದಿದೆ’ ಎಂಬ ಮಾತನ್ನು ಓದಿದ ರೋಗಿಯು ಬೆನ್ನು ಮುರಿದೇ ಹೋಯಿತೆಂದು ಹೆದರಿ, ಬಗ್ಗುವುದನ್ನೂ ನಡೆಯುವುದನ್ನೂ ಬಿಟ್ಟು ಮಲಗಿಬಿಡುವುದು ವಿಷಾದದ ಸಂಗತಿ. ಹಾಗೆ ಮಲಗಿದಷ್ಟೂ ಸ್ನಾಯುಗಳು ಸೊರಗುತ್ತವೆ, ಚಲನೆಯ ಬಗೆಗಿನ ಅಂಜಿಕೆ ಬೆಳೆಯುತ್ತದೆ, ನೋವು ಇನ್ನಷ್ಟು ನೆಲೆಯೂರುತ್ತದೆ. ಆದ್ದರಿಂದ ಸೊಂಟನೋವು ಬಹುಮಟ್ಟಿಗೆ ಅಪಾಯಕಾರಿಯಲ್ಲವೆಂದು ಸಮಾಧಾನವಾಗಿ ತಿಳಿಸಿ ಹೇಳುವುದು ಕೇವಲ ಸಾಂತ್ವನವಲ್ಲ, ಅದೂ ಚಿಕಿತ್ಸೆಯ ಭಾಗವೇ. ನಡಿಗೆಯಿಂದಾಗಲಿ ಫಿಸಿಯೊಥೆರಪಿಸ್ಟ್ ಕಲಿಸುವ ವ್ಯಾಯಾಮದಿಂದಾಗಲಿ ಆರಂಭಿಸಿ, ನೋವು ಪೂರ್ತಿ ಹೋಗಲೆಂದು ಕಾಯದೆ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗುವುದೇ ಮುಖ್ಯ.

ಯೋಗದ ವಿಷಯದಲ್ಲಿ ಬೆಂಗಳೂರಿನ ಬಳಿಯ ಜಿಗಣಿಯಲ್ಲಿರುವ ಎಸ್-ವ್ಯಾಸ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ಹಳೆಯ ಸೊಂಟನೋವಿದ್ದ 80 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ವಾರ ಕಾಲ ಯೋಗವನ್ನೂ ಉಳಿದವರಿಗೆ ದೈಹಿಕ ವ್ಯಾಯಾಮವನ್ನೂ ಕಲಿಸಿದಾಗ, ಯೋಗ ಮಾಡಿದವರ ಬೆನ್ನಿನ ಬಾಗುವಿಕೆಯಲ್ಲೂ ದಿನನಿತ್ಯದ ಕೆಲಸದ ಸಾಮರ್ಥ್ಯದಲ್ಲೂ ಹೆಚ್ಚಿನ ಸುಧಾರಣೆ ಕಂಡಿತು. ವಸತಿ ಶಿಬಿರದ ಒಂದೇ ವಾರದ ಫಲಿತಾಂಶವಿದು ಎಂಬುದನ್ನು ಮರೆಯಬಾರದು. ಮನೆಗೆ ಮರಳಿದ ಮೇಲೆ ಅಭ್ಯಾಸ ಮುಂದುವರಿದರಷ್ಟೇ ಅದಕ್ಕೆ ಅರ್ಥ. ಧ್ಯಾನವನ್ನು ಆಸ್ಪತ್ರೆಯ ಚೌಕಟ್ಟಿಗೆ ತಂದ ಕೀರ್ತಿ ಜಾನ್ ಕಬಟ್-ಜಿನ್ ಅವರದು. 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಅವರು ಆರಂಭಿಸಿದ ತರಬೇತಿಯು ನೋವನ್ನು ಅಳಿಸುತ್ತೇನೆಂದು ಹೇಳದೆ, ಅದರ ಜೊತೆಗೇ ಬರುವ ಗಾಬರಿಯನ್ನು ಬೇರ್ಪಡಿಸಿ ನೋಡುವುದನ್ನು ಕಲಿಸುತ್ತದೆ.

ಅಕ್ಯುಪಂಕ್ಚರ್ ಕುರಿತ ಪ್ರಯೋಗಗಳು ಇವೆಲ್ಲಕ್ಕಿಂತ ಜಟಿಲವಾದ ಚಿತ್ರವನ್ನು ಮುಂದಿಡುತ್ತವೆ. ಜರ್ಮನಿಯಲ್ಲಿ 1162 ಸೊಂಟನೋವಿನ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ ಚುಚ್ಚಿಸಿಕೊಂಡವರ ಪೈಕಿ ಶೇ. 47.6ರಷ್ಟು ಮಂದಿಗೆ ಆರು ತಿಂಗಳ ನಂತರ ಗುಣ ಕಂಡರೆ, ಆ ಬಿಂದುಗಳನ್ನು ಬಿಟ್ಟು ಬೇರೆಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2ರಷ್ಟು, ಮಾತ್ರೆ, ಫಿಸಿಯೊಥೆರಪಿ, ವ್ಯಾಯಾಮಗಳ ರೂಢಿಯ ಚಿಕಿತ್ಸೆ ಪಡೆದವರಲ್ಲಿ ಶೇ. 27.4ರಷ್ಟು ಮಂದಿಗೆ ಮಾತ್ರ ಗುಣ ಕಂಡಿತು. ಬಿಂದು ಯಾವುದೆಂಬುದು ಅಷ್ಟೇನೂ ಮುಖ್ಯವಲ್ಲ, ಆದರೆ ಸೂಜಿಯ ಸ್ಪರ್ಶ, ಚಿಕಿತ್ಸಕರು ಕೊಡುವ ಸಮಯ, ಗುಣವಾಗುವೆನೆಂಬ ನಿರೀಕ್ಷೆ ಇವೆಲ್ಲ ಸೇರಿ ಪರಿಣಾಮ ಬೀರುತ್ತವೆ ಎಂದೇ ಇದನ್ನು ಅರ್ಥಮಾಡಿಕೊಳ್ಳಬೇಕಾಗುತ್ತದೆ. ಹಾಗೆಂದು ಆ ಉಪಶಮನವನ್ನು ಭ್ರಮೆಯೆನ್ನಲಾಗದು. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಅಧ್ಯಯನದಲ್ಲಿ, ಔಷಧಾಂಶವಿಲ್ಲದ ಹುಸಿಮದ್ದಿನಿಂದ ನೋವು ತಗ್ಗಿದ್ದವರಿಗೆ ನ್ಯಾಲೊಕ್ಸೋನ್ ಎಂಬ ಅಫೀಮು-ವಿರೋಧಿ ಔಷಧ ನೀಡಿದಾಗ ನೋವು ಹೆಚ್ಚಿತು. ದೇಹವೇ ತಯಾರಿಸುವ, ಅಫೀಮಿನ ಗುಣವುಳ್ಳ ರಾಸಾಯನಿಕಗಳು ಆ ಉಪಶಮನದ ಹಿಂದೆ ಇದ್ದವೆಂಬುದಕ್ಕೆ ಇದು ಪುರಾವೆಯಾಯಿತು.

ಔಷಧರಹಿತವಾದುದೆಲ್ಲವೂ ಉಪಯುಕ್ತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆ, ಮಾಲೀಸುಗಳನ್ನು ಅನುಮೋದಿಸಿತಾದರೂ, ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾಗುವ ಸೊಂಟದ ಬೆಲ್ಟ್, ಬೆನ್ನೆಳೆಯುವ ಟ್ರ್ಯಾಕ್ಷನ್ ಮತ್ತು ಮೆಲ್ಜಾಕ್–ವಾಲ್ ಸಿದ್ಧಾಂತದಿಂದಲೇ ಪ್ರೇರಣೆ ಪಡೆದ, ಚರ್ಮದ ಮೂಲಕ ಮೃದು ವಿದ್ಯುತ್ ಹಾಯಿಸುವ ಟೆನ್ಸ್ ಯಂತ್ರಗಳನ್ನು ಹಳೆಯ ಸೊಂಟನೋವಿಗೆ ವಾಡಿಕೆಯಂತೆ ಬಳಸಬಾರದೆಂದು ಹೇಳಿತು. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲು ಸೋತರೆ, ಜ್ವರವಾಗಲಿ ಕಾರಣವಿಲ್ಲದ ತೂಕದ ಇಳಿಕೆಯಾಗಲಿ ಜೊತೆಗಿದ್ದರೆ, ಅಥವಾ ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನುನೋವು ಬಂದರೆ, ಯೋಗ, ಸೂಜಿ, ತೈಲಗಳನ್ನೆಲ್ಲ ಬದಿಗಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.