ಯಾವ ಸಿನೆಮಾಕ್ಕೆ ಬಸ್ಸು ಹತ್ತಬೇಕು?

ಹೊಸ ಕನ್ನಡ ಸಿನೆಮಾ ಬಂದಿದೆ ಎಂದ ಮಾತ್ರಕ್ಕೆ ಎದ್ದು ಹೊರಡುವ ಅನುಕೂಲ ಹಾಸನೂರಿನವರಾದ ನಮಗಿಲ್ಲ. ಊರಿನಲ್ಲಿ ಚಿತ್ರಮಂದಿರವಿಲ್ಲ. ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಹೋದರೆ ಅಲ್ಲಿ ನಡೆಯುವುದು ತಮಿಳು ಚಿತ್ರ. ಕನ್ನಡವೇ ಬೇಕೆಂದರೆ ಎದುರು ದಿಕ್ಕಿನಲ್ಲಿ ಪುಣಜನೂರು ದಾಟಿ ಚಾಮರಾಜನಗರ ಸೇರಬೇಕು. ದಾರಿಯುದ್ದಕ್ಕೂ ಕಾಡು. ಕಬ್ಬಿನ ಲಾರಿಗಾಗಿ ರಸ್ತೆಯಲ್ಲಿ ಕಾದು ನಿಲ್ಲುವ ಆನೆಗಳ ಸಂಗತಿ ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಅದು ನಮ್ಮದೇ ರಸ್ತೆ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಬಣ್ಣಾರಿಯಿಂದ ಈಚಿನ ಈ ಹೆದ್ದಾರಿಯ ರಾತ್ರಿ ಸಂಚಾರಕ್ಕೆ ನಿರ್ಬಂಧಗಳೂ ಬಂದವು. ಆದೇಶ ಇರಲಿ, ಇಲ್ಲದಿರಲಿ, ಸಂಸಾರ ಕಟ್ಟಿಕೊಂಡು ಸೆಕೆಂಡ್ ಷೋ ನೋಡಿ ಬರುವ ದಾರಿ ಇದಲ್ಲ. ಮ್ಯಾಟಿನಿಯೇ ಗತಿ. ಐದು ಜನರ ಬಸ್ ಚಾರ್ಜು, ಟಿಕೇಟು, ಮಧ್ಯಾಹ್ನದ ಊಟ, ಜೊತೆಗೆ ಒಂದು ದಿನದ ಕೂಲಿ ಇಷ್ಟನ್ನೂ ಲೆಕ್ಕ ಹಾಕಿದ ಮೇಲೆ ಸಿನೆಮಾ ಕೆಟ್ಟದಾಗಿತ್ತು ಎಂದರೆ ಮನೆಯಲ್ಲಿ ಒಂದು ವಾರ ಅದೇ ಮಾತು.

ಮಂಜೇಶ್ವರ, ಕುಂಬಳೆ ಕಡೆಯ ವಾಚಕರಿಗೆ ಮಂಗಳೂರು ಇಷ್ಟು ದುರ್ಗಮವಲ್ಲ ನಿಜ. ಆದರೆ 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನೀವು ಆ ಕಡೆ ಉಳಿದಂತೆ ನಾವು ಈ ಕಡೆ ಉಳಿದವರು. ಆದುದರಿಂದ ನಮ್ಮ ಲೆಕ್ಕ ನಿಮಗೂ ಅಷ್ಟಿಷ್ಟು ಉಪಯೋಗಕ್ಕೆ ಬಂದೀತು.

ಒಂದು ಕಾಲದಲ್ಲಿ ಆರಿಸುವ ಪ್ರಶ್ನೆಯೇ ಇರಲಿಲ್ಲ. ನಮ್ಮ ತಾಳವಾಡಿ ಸೀಮೆಯ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮುತ್ತುರಾಜ ಎಂಬ ಹುಡುಗ ಮುಂದೆ ಡಾ. ರಾಜ್‌ಕುಮಾರ್ ಆದರು. 1954ರ 'ಬೇಡರ ಕಣ್ಣಪ್ಪ'ದಿಂದ 2000ದ 'ಶಬ್ದವೇಧಿ'ಯವರೆಗೆ ಅವರ ಹೆಸರೇ ಒಂದು ಸರ್ಟಿಫಿಕೇಟು. ಅಜ್ಜಿ, ಸೊಸೆ, ಶಾಲೆಗೆ ಹೋಗುವ ಮಗು ಒಂದೇ ಸಾಲಿನಲ್ಲಿ ಕುಳಿತು ನೋಡಬಹುದೇ ಎಂದು ಯಾರೂ ಕೇಳುತ್ತಿರಲಿಲ್ಲ. 'ಮೇಯರ್ ಮುತ್ತಣ್ಣ'ದಲ್ಲಿ ನಕ್ಕರು, 'ಬಂಗಾರದ ಮನುಷ್ಯ'ದಲ್ಲಿ ಅತ್ತರು, ಬಂದರು. 2000ದ ಜುಲೈ 30ರ ರಾತ್ರಿ ಅದೇ ಗಾಜನೂರಿನ ಮನೆಯಿಂದ ವೀರಪ್ಪನ್ ಅವರನ್ನು ಕಾಡಿಗೆ ಕರೆದೊಯ್ದು 108 ದಿವಸ ಇಟ್ಟುಕೊಂಡ ಕಥೆ ಎಲ್ಲರಿಗೂ ಗೊತ್ತು. ಆಮೇಲೆ ಅವರ ಹೊಸ ಚಿತ್ರ ಬರಲಿಲ್ಲ. ಹೆಸರು ನೋಡಿ ಹೊರಡುವ ಅಭ್ಯಾಸ ಮಾತ್ರ ನಮ್ಮಲ್ಲಿ ಉಳಿದುಕೊಂಡಿತು. ಹೀರೋ ಯಾರು ಎಂದು ಕೇಳಿ ಬಸ್ಸು ಹತ್ತುವುದು ಈಗ ಸಾಲದು.

'ಕನ್ನಡದ್ದಲ್ಲವೇ, ನಾವಲ್ಲದೆ ಯಾರು ನೋಡಬೇಕು' ಎಂಬ ಮಾತೂ ಇದೆ. ಅಭಿಮಾನ ಒಳ್ಳೆಯದೇ. ಆದರೆ ಅಭಿಮಾನಕ್ಕಾಗಿ ಎರಡು ಕೆಟ್ಟ ಸಿನೆಮಾಗಳಿಗೆ ಮಕ್ಕಳನ್ನು ಎಳೆದುಕೊಂಡು ಹೋದರೆ ಮೂರನೆಯದಕ್ಕೆ ಅವರು ಬರುವುದಿಲ್ಲ. ಕೆಳಗಿನ ಊರಿನ ತಮಿಳು ಚಿತ್ರವೇ ಚೆನ್ನ ಎನ್ನುತ್ತಾರೆ, ಅದು ಸುಳ್ಳೂ ಆಗಿರುವುದಿಲ್ಲ. ಹಾಸ್ಯಚಿತ್ರದ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಅಳುವ ದೃಶ್ಯ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ನಗೆ ಹಾಗಲ್ಲ. ತಮಿಳು ಮೀಡಿಯಮ್ಮಿನಲ್ಲೋ ಇಂಗ್ಲಿಷಿನಲ್ಲೋ ಓದುವ ನಮ್ಮ ಮಕ್ಕಳು ಥಿಯೇಟರಿನಲ್ಲಿ ಪಕ್ಕದವರು ನಕ್ಕ ಮೇಲೆ ಒಂದು ಗಳಿಗೆ ತಡವಾಗಿ ನಗುವುದನ್ನು ನಾವು ಗಮನಿಸಿದ್ದೇವೆ. ಹಿಂತಿರುಗುವ ಬಸ್ಸಿನಲ್ಲಿ 'ಆ ಮಾತಿಗೆ ಯಾಕೆ ನಕ್ಕರು?' ಎಂದು ಕೇಳುತ್ತಾರೆ. ಕೇಳುವಷ್ಟು ದಿನ ಪರವಾಗಿಲ್ಲ. ಕೇಳಲು ಯೋಗ್ಯವಾದ ಮಾತು ಸಿನೆಮಾದಲ್ಲಿರಬೇಕು, ಅಷ್ಟೆ.

ಹಾಗಾದರೆ ಯಾವುದು ಯೋಗ್ಯ? ಚಿತ್ರದಲ್ಲಿ ಯಾರನ್ನು ನೋಡಿ ನಗಿಸುತ್ತಾರೆ ಎಂಬುದನ್ನು ನಾವು ಮೊದಲು ವಿಚಾರಿಸುತ್ತೇವೆ. 1990ರ 'ಗಣೇಶನ ಮದುವೆ'ಯನ್ನು ಫಣಿ ರಾಮಚಂದ್ರ ಒಂದು ವಠಾರದೊಳಗೇ ಕಟ್ಟಿದರು. ಅನಂತನಾಗ್, ವಿನಯಾ ಪ್ರಸಾದ್ ಜಗಳಕ್ಕೆ ನಕ್ಕವರು ಯಾರ ಮೈಬಣ್ಣಕ್ಕೂ, ತೊದಲಿಗೂ ನಗಬೇಕಾಗಲಿಲ್ಲ. 2017ರಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ಇನ್ನೂ ಒಂದು ಹೆಜ್ಜೆ ಮುಂದೆ. ಬೋಳುತಲೆಯ ಕನ್ನಡ ಉಪನ್ಯಾಸಕ, ಅವನಿಗೆ ಹೆಣ್ಣು ಸಿಗದು, ಜನ ನಗುತ್ತಾರೆ. ಕೊನೆಗೆ ಅವನೇ ಒಬ್ಬಾಕೆಯನ್ನು ರೂಪ ನೋಡಿ ಅಳೆದದ್ದು ಅವನಿಗೆ ಚುಚ್ಚುತ್ತದೆ. ಆತ ರಾಜ್‌ಕುಮಾರರ ಭಕ್ತನೆಂಬುದು ಗಾಜನೂರಿನ ನೆರೆಯವರಾದ ನಮಗೆ ಹೆಚ್ಚಿನ ಸಂತೋಷ. ಈ ಕಥೆಯೇ 2019ರಲ್ಲಿ ಮಲಯಾಳಕ್ಕೆ ಹೋಗಿ 'ತಮಾಶ' ಆಯಿತು.

ಇನ್ನೊಂದು ಬಗೆಯ ಹಾಸ್ಯವಿದೆ. ತಮಿಳನೋ ಮಲಯಾಳಿಯೋ ಮುರುಕು ಕನ್ನಡ ಮಾತಾಡಬೇಕು, ಸಭೆ ನಗಬೇಕು. ಬೆಂಗಳೂರಿನಲ್ಲಿ ಕುಳಿತು ಬರೆಯುವವರಿಗೆ ಇದು ಸುಲಭದ ದಾರಿ. ನಮಗೆ ಅದು ನಗೆ ತರುವುದಿಲ್ಲ. ನೆರೆಮನೆಯವರ ಮಾತು ಅದು ಎಂಬುದು ಒಂದು ಕಾರಣ. ನಮ್ಮ ಮಕ್ಕಳ ಕನ್ನಡವೂ ಹೆಚ್ಚುಕಡಿಮೆ ಹಾಗೆಯೇ ಇದೆ ಎಂಬುದು ಇನ್ನೊಂದು. ಪರದೆಯ ಮೇಲೆ ಅದಕ್ಕೆ ನಗುವುದನ್ನು ಕಂಡ ಹುಡುಗ ನಾಳೆ ಚಾಮರಾಜನಗರದ ಅಂಗಡಿಯಲ್ಲಿ ಬಾಯಿ ಬಿಡಲು ಹಿಂಜರಿಯುತ್ತಾನೆ. ಇಂತಹ ಚಿತ್ರವೆಂದು ಸುದ್ದಿ ಬಂದರೆ ನಾವು ಹೋಗುವುದಿಲ್ಲ, ಹೀರೋ ಯಾರೇ ಆಗಲಿ.

ಭಾಷೆಯ ಸೊಗಡನ್ನೂ ನೋಡಬೇಕು. ಮಂಡ್ಯದ ಹಳ್ಳಿಯ ಜನರನ್ನೇ ಪಾತ್ರಕ್ಕೆ ಹಾಕಿಕೊಂಡು ರಾಮ್ ರೆಡ್ಡಿ ತೆಗೆದ 'ತಿಥಿ'ಯ ಮಾತು ನಮ್ಮ ಅಜ್ಜಿಯರಿಗೆ ಮನೆಯ ಮಾತಿಗೆ ಹತ್ತಿರ. ನಿಮ್ಮ ಕಡೆಯವರಿಗೆ ಅಲ್ಲಲ್ಲಿ ತಡೆದೀತು. ಬಹಳ ಒಳ್ಳೆಯ ಚಿತ್ರವಾದರೂ ಬೈಗುಳ ಧಾರಾಳ, ಚಿಕ್ಕ ಮಕ್ಕಳಿಗಲ್ಲ. ಇದಕ್ಕೆ ಪ್ರತಿಯಾಗಿ 2025ರ ಜುಲೈ 25ರಂದು ಬಂದ 'ಸು ಫ್ರಮ್ ಸೋ'. ನಿರ್ದೇಶಕ ಜೆ.ಪಿ. ತುಮಿನಾಡು ನಿಮ್ಮ ಮಂಜೇಶ್ವರದವರೇ. ಊರಿನ ಹೆಸರನ್ನೇ ಹೊತ್ತುಕೊಂಡಿದ್ದಾರೆ. ಒಬ್ಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆಂದು ಊರೆಲ್ಲ ನಂಬುವ ಕಥೆ. ಕರಾವಳಿಯ ಕನ್ನಡ ನಮಗೆ ಮೊದಲ ಹತ್ತು ನಿಮಿಷ ಕಿವಿಗೆ ಹೊಸದೆನಿಸಿತು, ಆಮೇಲೆ ಇಲ್ಲ. ಕುಡಿತದ ದೃಶ್ಯಗಳಿವೆ ಎಂದು ಹೇಳಲೇಬೇಕು. ಆದರೂ ನಗುತ್ತ ನಗುತ್ತ ಕಥೆ ಒಬ್ಬ ಹೆಣ್ಣುಮಗಳ ಕಷ್ಟದ ಕಡೆಗೆ ತಿರುಗುವಲ್ಲಿ ಥಿಯೇಟರು ಸುಮ್ಮನಾಗುತ್ತದೆ. ದೊಡ್ಡ ಹೀರೋನ ಕಟೌಟಿಲ್ಲದೆ, ನೋಡಿದವರ ಬಾಯಿಮಾತಿನಿಂದಲೇ ಅದು ತುಂಬಿತು. ಕೆಲವೇ ದಿನಗಳಲ್ಲಿ ಮಲಯಾಳದಲ್ಲೂ ಬಂತು. ಕನ್ನಡವರಿತ ಕಾಸರಗೋಡಿನ ಮಕ್ಕಳು ಅದನ್ನು ಮಲಯಾಳದಲ್ಲಿ ನೋಡಿದ್ದರೆ ಏನು ಕಳೆದುಕೊಂಡರೆಂದು ಒಮ್ಮೆ ಮನೆಯಲ್ಲಿ ತೋರಿಸಿ ಹೇಳಿ. 2018ರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಬಗ್ಗೆ ನಿಮಗೆ ನಾವು ಹೇಳುವುದು ಬೇಡ. ಮುಚ್ಚುವ ಕನ್ನಡ ಶಾಲೆಯ ಕಥೆಗೆ ಇಷ್ಟು ನಗೆ ಬೆರೆಸಿದ ರಿಷಬ್ ಶೆಟ್ಟಿಯವರಿಗೆ ನಾವೂ ಋಣಿಗಳು.

ಸೆನ್ಸಾರಿನ ಅಕ್ಷರವನ್ನೂ ಒಮ್ಮೆ ನೋಡಿಕೊಳ್ಳಿ. 1983ರಿಂದ ಇದ್ದ ಒಂದೇ 'ಯು/ಎ'ಯನ್ನು 2024ರಲ್ಲಿ 'ಯುಎ 7+', '13+', '16+' ಎಂದು ಮೂರಾಗಿ ಒಡೆದಿದ್ದಾರೆ. ಮನೆಯ ಕಿರಿಯ ಮಗುವಿನ ವಯಸ್ಸಿಗೆ ಇದು ಒಳ್ಳೆಯ ಸೂಚನೆ, ರುಚಿಗೆ ಅಲ್ಲ. ಟ್ರೈಲರನ್ನು ನಂಬಬೇಡಿ, ಅದರಲ್ಲಿರುವ ಮೂರು ನಗೆಯೇ ಎಷ್ಟೋ ಚಿತ್ರಗಳ ಒಟ್ಟು ಆಸ್ತಿ.

ನಾವು ನಂಬುವುದು ಚಾಮರಾಜನಗರದ ನೆಂಟರನ್ನು. ಅವರನ್ನು 'ಚೆನ್ನಾಗಿದೆಯೇ?' ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೂಂ ಎನ್ನುತ್ತಾರೆ. ಅಜ್ಜಿ ಎಲ್ಲಿ ತೂಕಡಿಸಿದರು, ಮಗಳ ಪಕ್ಕದಲ್ಲಿ ಕುಳಿತ ಅಪ್ಪ ಎಲ್ಲಿ ತಲೆ ತಗ್ಗಿಸಿದ, ಮನೆಗೆ ಬಂದ ಮೇಲೆ ಮಕ್ಕಳು ಯಾವ ಮಾತನ್ನು ಹೇಳಿ ಹೇಳಿ ನಕ್ಕರು, ಇಷ್ಟನ್ನು ಕೇಳುತ್ತೇವೆ. ಕೆಲವೇ ವಾರಗಳಲ್ಲಿ ಫೋನಿಗೇ ಬರುತ್ತದಲ್ಲ, ಯಾಕೆ ಅವಸರ ಎನ್ನುವವರಿದ್ದಾರೆ. ಅಂಗೈಯಗಲದ ಫೋನಿನಲ್ಲಿ ಅಜ್ಜಿಗೆ ಕಾಣುವುದಿಲ್ಲ. ಒಬ್ಬೊಬ್ಬರೇ ನೋಡಿದ ಹಾಸ್ಯಕ್ಕೆ ಮನೆಯವರೆಲ್ಲ ಸೇರಿ ನಗುವುದೂ ಇಲ್ಲ.

ತೊಂದರೆ ಒಂದೇ. ಶುಕ್ರವಾರ ಬಂದ ಸಣ್ಣ ಚಿತ್ರ ಮುಂದಿನ ಗುರುವಾರದ ನಂತರ ಇರುತ್ತದೆಂಬ ಭರವಸೆಯಿಲ್ಲ. ನೆಂಟರು ಶನಿವಾರವೇ ನೋಡಿ ಭಾನುವಾರ ರಾತ್ರಿಯೊಳಗೆ ಫೋನು ಮಾಡಬೇಕು. ಅವರ ಟಿಕೇಟಿನ ಹಣವನ್ನು ಈಗ ನಾವೇ ಕೊಡುತ್ತಿದ್ದೇವೆ.