ಗೋಡೆಗೆ ಎಷ್ಟು ನಾರು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಹಳೆಯ ತೋಟದ ಮನೆಯೊಂದನ್ನು ಹೊಕ್ಕರೆ ತಲೆಯ ಮೇಲೆ ಅಟ್ಟ ಕಾಣುತ್ತದೆ. ಸಿಪ್ಪೆ ಸುಲಿಯದ ಬಲಿತ ಕಾಯಿಗಳು ಅಲ್ಲಿ ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿ ಉಂಡೆ ಕೊಬ್ಬರಿಯಾಗುತ್ತವೆ. ಈ ರಾಶಿ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತದೆ. ಬಿಸಿಲಿಗೆ ಕಾದ ಹೆಂಚಿಗೂ ಕೆಳಗಿನ ಕೋಣೆಗೂ ನಡುವೆ ಉಷ್ಣದ ತಡೆಯಾಗಿ ನಿಲ್ಲುತ್ತದೆ. ಹಾಗಾದರೆ ಸಿಪ್ಪೆಯ ನಾರನ್ನು ಗೋಡೆಯೊಳಗೂ ತುಂಬಬಹುದೆ? ಎಷ್ಟು ಬೇಕಾದೀತು?

ನಾರಿನ ಗುಟ್ಟು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಲ್ಲಿದೆ. ನಿಶ್ಚಲವಾದ ಗಾಳಿ ಉಷ್ಣದ ಮಂದ ವಾಹಕ. ಇಟ್ಟಿಗೆಯ ಎರಡು ಪದರಗಳ ನಡುವೆ ಬರಿಯ ಟೊಳ್ಳು ಬಿಟ್ಟರೆ ಅಲ್ಲಿನ ಗಾಳಿ ಸುತ್ತುತ್ತ ಬಿಸಿಯನ್ನು ಒಯ್ಯುತ್ತದೆ. ವಿಕಿರಣದಿಂದಲೂ ಉಷ್ಣ ದಾಟುತ್ತದೆ. ನಾರು ತುಂಬಿದಾಗ ಈ ಎರಡೂ ತಗ್ಗುತ್ತವೆ.

ಪಡುವಣ ಬಿಸಿಲಿಗೆ ಒಡ್ಡಿದ, 6 ಮೀಟರು ಉದ್ದ, 3 ಮೀಟರು ಎತ್ತರದ ಗೋಡೆಯೊಂದನ್ನು ತೆಗೆದುಕೊಳ್ಳೋಣ. ವಿಸ್ತೀರ್ಣ 18 ಚದರ ಮೀಟರು. ಕಿಟಕಿಗೆಂದು 1.8 ಕಳೆದರೆ ಉಳಿಯುವುದು 16.2. ಟೊಳ್ಳು 5 ಸೆಂಟಿಮೀಟರು ಅಗಲವಿದ್ದರೆ ಅದರ ಗಾತ್ರ 0.81 ಘನಮೀಟರು. ಘನಮೀಟರಿಗೆ 60 ಕಿಲೋಗ್ರಾಂನಂತೆ ತುಂಬಿದರೆ 49 ಕಿಲೋಗ್ರಾಂ. ಪೋಲಾಗುವುದಕ್ಕೆ ಹತ್ತನೆಯ ಒಂದು ಪಾಲು ಸೇರಿಸಿದರೆ 54. ಸಾವಿರ ಸಿಪ್ಪೆಗೆ ಸುಮಾರು 80 ಕಿಲೋಗ್ರಾಂ ನಾರು ದೊರೆಯುವುದರಿಂದ 675 ಸಿಪ್ಪೆಗಳು ಬೇಕು. ಮರಕ್ಕೆ ವರ್ಷಕ್ಕೆ 70 ಕಾಯಿ ಎಂದಿಟ್ಟುಕೊಂಡರೆ ಇದು ಹತ್ತು ಮರಗಳ ಒಂದು ವರ್ಷದ ಸಿಪ್ಪೆ!

ಲಾಭವೇನು? ಹೊರಗೂ ಒಳಗೂ 10 ಡಿಗ್ರಿ ವ್ಯತ್ಯಾಸವಿದ್ದಾಗ, ಬರಿಯ ಟೊಳ್ಳಿನ ಗೋಡೆಯಿಂದ ಸುಮಾರು 260 ವಾಟ್ ಉಷ್ಣ ಒಳಬಂದರೆ, ನಾರು ತುಂಬಿದ ಗೋಡೆಯಿಂದ ಬರುವುದು ಸುಮಾರು 110 ವಾಟ್. ಅರ್ಧಕ್ಕಿಂತಲೂ ಕಡಿಮೆ.

ಆದರೆ ಲೆಕ್ಕ ಸರಿಹೋದ ಮಾತ್ರಕ್ಕೆ ಕೆಲಸಕ್ಕೆ ಕೈಹಾಕಬಾರದು. ನಾರು ಒದ್ದೆಯಾದರೆ ಗಾಳಿಯಿದ್ದ ಎಡೆಗೆ ನೀರು ಸೇರಿ ತಡೆ ಕುಗ್ಗುತ್ತದೆ, ಗೆದ್ದಲಿಗೂ ಹಾದಿಯಾಗುತ್ತದೆ. ಒಮ್ಮೆ ಮುಚ್ಚಿದ ಗೋಡೆಯನ್ನು ಮತ್ತೆ ಬಿಚ್ಚುವುದು ಸುಲಭವಲ್ಲ. ಆದುದರಿಂದ ಚೆನ್ನಾಗಿ ಒಣಗಿದ ನಾರು, ನೆಲದಿಂದ ತೇವವೇರದ ತಳಪಾಯ, ಮಳೆ ನೀರು ಇಳಿಯದ ಗಾರೆ, ಗೆದ್ದಲಿಗೆ ತಡೆ ಇವೆಲ್ಲವೂ ಮೊದಲು ಬೇಕು. ಟೊಳ್ಳೇ ಇಲ್ಲದ ಮಣ್ಣಿನ ದಪ್ಪ ಗೋಡೆಗೆ ಈ ಲೆಕ್ಕ ಸಲ್ಲದು.

ಇನ್ನೂ ಒಂದು ಮಾತು. ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುವಾಗ ಹೆಚ್ಚು ಕಾಯುವುದು ಗೋಡೆಯಲ್ಲ, ಮಾಡು. ಅಟ್ಟ ಕಟ್ಟಿ ಕಾಯಿ ಪೇರಿಸಿದ ಹಿರಿಯರ ಉದ್ದೇಶ ಕೊಬ್ಬರಿಯೇ ಆಗಿದ್ದರೂ ತಡೆ ಬಿದ್ದದ್ದು ಸರಿಯಾದ ಜಾಗದಲ್ಲಿಯೇ. ಓದುಗರು ತಮ್ಮ ಮನೆಯ ಗೋಡೆಯನ್ನು ಅಳೆಯುವ ಮುನ್ನ ಒಮ್ಮೆ ತಲೆಯೆತ್ತಿ ನೋಡಲಿ.